ವೋಲ್ಗಾ ದಂಡೆಯಲ್ಲಿ ಬೀದರ್ ನೆನಪು: ತ್ವೇರ್‌ನಲ್ಲಿ ಒಂದು ದಿನ

ದಾರಿಹೋಕ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ರಷ್ಯಾಕ್ಕೆ ಹೋಗಿದ್ದೆ. ಮಾಸ್ಕೋ, ಸೇಂಟ್ ಪೀಟರ್ಸ್‌ಬರ್ಗ್ ಬಗ್ಗೆ ಇಲ್ಲಿ ಬೇಕಾದಷ್ಟು ಜನ ಬರೆದಿದ್ದೀರಿ. ನಾನು ಬರೆಯೋದು ಅವೆರಡರ ನಡುವೆ ಸಿಗುವ ತ್ವೇರ್ ಬಗ್ಗೆ. ಮಾಸ್ಕೋದಿಂದ ಸುಮಾರು 170 ಕಿಲೋಮೀಟರ್. ಲೆನಿನ್‌ಗ್ರಾದ್‌ಸ್ಕಿ ನಿಲ್ದಾಣದಲ್ಲಿ ಬೆಳಿಗ್ಗೆ ಲಾಸ್ತೊಚ್ಕಾ ರೈಲು ಹತ್ತಿದರೆ ಎರಡು ಗಂಟೆಯೊಳಗೆ ಇಳಿಯಬಹುದು. ಬಹಳ ಜನ ಇಳಿಯೋದಿಲ್ಲ, ಕಿಟಕಿಯಲ್ಲೇ ನೋಡಿ ಮುಂದೆ ಹೋಗುತ್ತಾರೆ.

ನಾನು ಇಳಿದದ್ದು ಒಬ್ಬ ಮನುಷ್ಯನಿಗಾಗಿ. ಅಫನಾಸಿ ನಿಕಿತಿನ್. ಇದೇ ತ್ವೇರ್‌ನ ವ್ಯಾಪಾರಿ. ವೋಲ್ಗಾದಲ್ಲಿ ದೋಣಿ ಹತ್ತಿದವನು ಕ್ಯಾಸ್ಪಿಯನ್, ಪರ್ಷಿಯಾ, ಹೊರ್ಮುಜ್ ದಾಟಿ, ಒಂದು ಕುದುರೆಯನ್ನೂ ಹಡಗಿಗೆ ಹತ್ತಿಸಿಕೊಂಡು ಈಗಿನ ಮಹಾರಾಷ್ಟ್ರದ ಚೌಲ್ ಬಂದರಿನಲ್ಲಿ ಇಳಿದ. ಅಲ್ಲಿಂದ ಜುನ್ನರ್, ಜುನ್ನರ್‌ನಿಂದ ನಮ್ಮ ಬೀದರ್. ಇದು 1470ರ ಆಸುಪಾಸಿನ ಮಾತು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅವನಿಗಿಂತ ಸುಮಾರು ಇಪ್ಪತ್ತೈದು ವರ್ಷ ಮೊದಲೇ ತ್ವೇರ್‌ನವನೊಬ್ಬ ಬಹಮನಿಗಳ ರಾಜಧಾನಿಯಲ್ಲಿ ಓಡಾಡಿಕೊಂಡಿದ್ದ. ನೋಡಿದ್ದನ್ನೆಲ್ಲ ಬರೆದಿಟ್ಟ. ‘ಮೂರು ಕಡಲುಗಳಾಚೆಯ ಪಯಣ’ ಅಂತ ಆ ಬರಹಕ್ಕೆ ಹೆಸರು. ಊರಿಗೆ ವಾಪಸ್ ಹೊರಟವನು ಮಾತ್ರ ತ್ವೇರ್ ಮುಟ್ಟಲಿಲ್ಲ. ಸ್ಮೊಲೆನ್ಸ್ಕ್ ಹತ್ತಿರ ದಾರಿಯಲ್ಲೇ ತೀರಿಕೊಂಡ.

ರೈಲು ನಿಲ್ದಾಣದಿಂದ ಊರಿನ ನಡುಭಾಗಕ್ಕೆ ಮೂರು ಕಿಲೋಮೀಟರ್ ಆಗಬಹುದು. ನಡೆದೇ ಹೋದೆ. ತ್ರೆಖ್‌ಸ್ವ್ಯಾತ್‌ಸ್ಕಯಾ ಅಂತ ಒಂದು ಬೀದಿ ಇದೆ, ವಾಹನ ಬಿಡೋದಿಲ್ಲ. ಎರಡೂ ಕಡೆ ಎರಡಂತಸ್ತಿನ ಹಳೇ ಮನೆಗಳು, ತಿಳಿ ಹಳದಿ, ತಿಳಿ ಹಸಿರು ಬಣ್ಣ. ಈ ಊರಿನ ಬೀದಿಗಳು ಯಾಕೆ ಇಷ್ಟು ನೇರ ಅಂತ ಯೋಚನೆ ಬರುತ್ತೆ. 1763ರಲ್ಲಿ ದೊಡ್ಡ ಬೆಂಕಿ ಬಿದ್ದು ಊರಿನ ನಡುಭಾಗವೆಲ್ಲ ಸುಟ್ಟುಹೋಯಿತು. ಎರಡನೇ ಕ್ಯಾಥರೀನ್ ಮಹಾರಾಣಿ ಹೊಸದಾಗಿ ನಕ್ಷೆ ಹಾಕಿಸಿ ಕಟ್ಟಿಸಿದಳು. ಪೀಟರ್ಸ್‌ಬರ್ಗ್‌ನ ಹಾಗೆ ಒಂದೇ ಕಡೆಯಿಂದ ಮೂರು ಬೀದಿಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ತಾನು ಎರಡು ರಾಜಧಾನಿಗಳ ನಡುವೆ ಓಡಾಡುವಾಗ ಉಳಿದುಕೊಳ್ಳಲು ಅವಳು ಇಲ್ಲೊಂದು ಅರಮನೆಯನ್ನೂ ಕಟ್ಟಿಸಿದಳು. ಅದಕ್ಕೆ ಪುತೆವೊಯ್ ದ್ವರೇತ್ಸ್ ಅನ್ನುತ್ತಾರೆ. ಅಂದರೆ ದಾರಿಯರಮನೆ. ಈಗ ಅದರಲ್ಲಿ ಚಿತ್ರಶಾಲೆ ಇದೆ. ಒಂದೂವರೆ ಗಂಟೆ ಅಲ್ಲೇ ಕಳೆದೆ.

ಆಮೇಲೆ ಊರ ತೋಟ ಹಾದು ಹಳೇ ಸೇತುವೆ ದಾಟಿದೆ. ಕಬ್ಬಿಣದ ಸೇತುವೆ, 1900ರಲ್ಲಿ ಆದದ್ದು. ಮಹಾಯುದ್ಧದಲ್ಲಿ ಮುರಿದಿದ್ದನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಆಚೆ ದಡ ಮುಟ್ಟಿ ಬಲಕ್ಕೆ ತಿರುಗಿದರೆ ನದಿಯ ಪಕ್ಕದಲ್ಲೇ ದಾರಿ. ಆ ದಂಡೆಗೇ ಅಫನಾಸಿ ನಿಕಿತಿನ್ ಅಂತ ಹೆಸರು.

ಅವನು ದೂರದಿಂದಲೇ ಕಾಣಿಸಿದ. ಕಂಚಿನ ಪ್ರತಿಮೆ. ಉದ್ದ ನಿಲುವಂಗಿ, ಗಡ್ಡ. ಕಾಲಡಿಯ ಪೀಠ ಮಾಮೂಲಿ ಕಲ್ಲುಕಟ್ಟೆ ಅಲ್ಲ, ಒಂದು ದೋಣಿ. ದೋಣಿಯ ಮೂತಿಗೆ ಕುದುರೆಯ ತಲೆ. ನಾನು ಆ ಕುದುರೆಯನ್ನೇ ತುಂಬ ಹೊತ್ತು ನೋಡಿದೆ. ಶಿಲ್ಪಿಗಳು ದೋಣಿಗೊಂದು ಅಲಂಕಾರ ಅಂತ ಮಾಡಿರಬಹುದು. ನನಗೆ ಕಂಡದ್ದು ಮಾತ್ರ ಅವನು ಹೊರ್ಮುಜ್‌ನಿಂದ ಹಡಗಿನಲ್ಲಿ ತಂದ ಕುದುರೆ. ಅದಕ್ಕೆ ನೂರು ರೂಬಲ್ ಸುರಿದಿದ್ದನಂತೆ. ಜುನ್ನರ್‌ನ ಖಾನ ಅದನ್ನು ಕಿತ್ತುಕೊಂಡು, ‘ನಮ್ಮ ಮತಕ್ಕೆ ಬಾ, ಕುದುರೆಯನ್ನೂ ಕೊಡ್ತೀನಿ, ಸಾವಿರ ಹೊನ್ನೂ ಕೊಡ್ತೀನಿ’ ಅಂದ. ಖುರಾಸಾನ್ ಕಡೆಯ ಮಹಮ್ಮದ್ ಎಂಬವನು ನಡುವೆ ಬಿದ್ದು ಮಾತಾಡಿ ಕುದುರೆ ಬಿಡಿಸಿಕೊಟ್ಟ. ಅದೇ ಕುದುರೆ ಕೊನೆಗೆ ಮಾರಾಟ ಆದದ್ದು ಬೀದರ್‌ನಲ್ಲಿ.

ವೋಲ್ಗಾ ಅಂದರೆ ಕಡಲಿನಂತೆ ಇರುತ್ತೆ ಅಂದುಕೊಂಡಿದ್ದೆ. ಇಲ್ಲಿ ಇನ್ನೂ ಅಷ್ಟು ಅಗಲ ಇಲ್ಲ. ಆಚೆ ದಡದಲ್ಲಿ ಕೂತವರು ಕಾಣ್ತಾರೆ. ಒಬ್ಬ ಅಜ್ಜ ಗಾಳ ಹಾಕಿ ಕೂತಿದ್ದ, ಪಕ್ಕದ ಬಕೆಟ್‌ನಲ್ಲಿ ಬೆರಳುದ್ದದ ನಾಲ್ಕು ಮೀನು. ಇದೇ ನೀರಿನಿಂದ ಹೊರಟು ಬೀದರ್‌ವರೆಗೆ ಬಂದನಲ್ಲ ಅಂತ ಯೋಚಿಸುತ್ತ ಕೂತೆ. ಸಂಜೆ ರೈಲು ತಪ್ಪಿಹೋಗುವಷ್ಟರಲ್ಲಿ ಎದ್ದೆ.

ಹೋಗುವವರಿಗೆ ನನ್ನದೊಂದೇ ಮಾತು. ಮೊದಲು ಅವನ ಬರಹ ಓದಿಕೊಂಡು ಹೋಗಿ. ಇಂಗ್ಲಿಷ್ ಅನುವಾದ ಸಿಗುತ್ತೆ, ನಲವತ್ತು ಐವತ್ತು ಪುಟ ಅಷ್ಟೇ.

ಮಂಗಳೂರು_ಮಾಮಿ

ತುಂಬಾ ಚೆನ್ನಾಗಿ ಬರೆದಿದ್ದೀರಿ. ಮೇ ತಿಂಗಳಲ್ಲಿ ನಾವು ನಾಲ್ಕು ಜನ ಹೋಗಬೇಕು ಅಂತ ಇದ್ದೇವೆ. ಇಬ್ಬರು ಪೂರಾ ಸಸ್ಯಾಹಾರಿ. ತ್ವೇರ್‌ನಲ್ಲಿ ಊಟಕ್ಕೆ ಏನು ಮಾಡಿದಿರಿ? ಕಾರ್ಡ್ ನಡೆಯುತ್ತದಾ?

ದಾರಿಹೋಕ_ದಾವಣಗೆರೆ

ಮಾಮಿ, ಕಾರ್ಡ್ ನಂಬಬೇಡಿ. ನಮ್ಮ ಬ್ಯಾಂಕ್‌ಗಳ ವೀಸಾ, ಮಾಸ್ಟರ್‌ಕಾರ್ಡ್ 2022ರಿಂದ ಅಲ್ಲಿ ನಡೆಯೋದಿಲ್ಲ. ಡಾಲರ್ ನೋಟು ಒಯ್ದು ಮಾಸ್ಕೋದಲ್ಲೇ ರೂಬಲ್ ಮಾಡಿಸಿಕೊಳ್ಳಿ. ನೋಟು ಹೊಸದಾಗಿರಲಿ, ಮಡಿಕೆ ಬಿದ್ದಿದ್ದರೆ ತಕರಾರು ಮಾಡ್ತಾರೆ. ವೀಸಾ ಈಗ ಆನ್‌ಲೈನ್‌ನಲ್ಲೇ ಆಗುತ್ತೆ, ಇ-ವೀಸಾ.

ಊಟಕ್ಕೆ ಸ್ತಲೋವಯ ಅಂತ ಬೋರ್ಡ್ ಇರುವ ಕಡೆ ಹೋಗಿ. ನಮ್ಮ ಕ್ಯಾಂಟೀನ್ ಥರ. ತಟ್ಟೆ ಹಿಡಿದು ಸಾಲಿನಲ್ಲಿ ಹೋಗ್ತಾ ಬೇಕಾದ್ದನ್ನು ಬೆರಳು ಮಾಡಿ ತೋರಿಸಿದರೆ ಸಾಕು. ನಾನು ತಿಂದದ್ದು ಗ್ರೇಚ್ಕಾ, ಎಲೆಕೋಸಿನ ಹೂರಣ ತುಂಬಿದ ಪಿರೊಷ್ಕಿ, ಸ್ಮೆತಾನಾ ಅನ್ನುವ ಹುಳಿ ಕೆನೆ ಹಾಕಿದ ಬ್ಲಿನಿ. ಗ್ರೇಚ್ಕಾ ಅಂದರೆ ನಮ್ಮ ನವಣೆ ಅನ್ನದಂತೆ ಉದುರುದುರಾಗಿ ಬೇಯಿಸಿದ ಒಂದು ಕಾಳು. ಬ್ಲಿನಿ ನಮ್ಮ ಮೆತ್ತಗಿನ ದೋಸೆಗೆ ಹತ್ತಿರ. ‘ಬೆಜ್ ಮ್ಯಾಸಾ’ ಅಂದರೆ ಮಾಂಸ ಇಲ್ಲದ್ದು. ಅಷ್ಟು ಕಲಿತುಕೊಳ್ಳಿ. ಬೋರ್ಷ್ ಕೆಂಪಗೆ ಬೀಟ್ರೂಟ್ ಸಾರಿನಂತೆ ಕಾಣುತ್ತೆ, ಆದರೆ ಸಾಮಾನ್ಯವಾಗಿ ಮಾಂಸದ ನೀರಿನಲ್ಲೇ ಕುದಿಸಿರುತ್ತಾರೆ. ಕೇಳಿ ತಗೊಳ್ಳಿ.

ವೋಲ್ಗಾ_ಹುಡುಗಿ

ಅಣ್ಣಾ, ಈ ಬರಹ ನೋಡಿ ಕಣ್ಣಲ್ಲಿ ನೀರು ಬಂತು. ನಾನು ತ್ವೇರ್‌ನಲ್ಲೇ ಎಂಬಿಬಿಎಸ್ ಓದ್ತಿದ್ದೀನಿ, ನಾಲ್ಕನೇ ವರ್ಷ. ಇಲ್ಲಿನ ಮೆಡಿಕಲ್ ಯೂನಿವರ್ಸಿಟಿಯಲ್ಲಿ ನಮ್ಮ ದೇಶದ ಹುಡುಗ ಹುಡುಗಿಯರು ತುಂಬಾ ಇದ್ದೀವಿ. ಆದರೂ ನಮ್ಮ ಊರ ಕಡೆಯಿಂದ ಯಾರೂ ತ್ವೇರ್ ನೋಡೋಕೆ ಅಂತ ಬಂದದ್ದು ನಾನು ಕೇಳಿಲ್ಲ.

ಒಂದು ಸಂಗತಿ ಹೇಳ್ತೀನಿ. ನಾನು ಬಾಡಿಗೆಗೆ ಇರುವ ಮನೆಯ ಅಜ್ಜಿ ಮೊದಲ ದಿನ ಕೇಳಿದರು, ‘ಇಂಡಿಯಾದಲ್ಲಿ ಎಲ್ಲಿ?’ ಅಂತ. ಕರ್ನಾಟಕ ಅಂದೆ, ಗೊತ್ತಾಗಲಿಲ್ಲ. ಬೆಂಗಳೂರು ಅಂದೆ, ತಲೆ ಅಲ್ಲಾಡಿಸಿದರು. ಮ್ಯಾಪ್ ತೆಗೆದು ಕಲಬುರಗಿ ತೋರಿಸಿದೆ. ಅವರ ಬೆರಳು ಸ್ವಲ್ಪ ಮೇಲಕ್ಕೆ ಸರಿದು ನಿಂತಿತು. ‘ಬೆದೆರ್!’ ಅಂದರು. ನಿಕಿತಿನ್ ಬೀದರನ್ನು ಹಾಗೇ ಬರೆದಿದ್ದಾನೆ. ಅಜ್ಜಿ ಶಾಲೆಯಲ್ಲಿ ಓದಿದ್ದಂತೆ. ಬೆಂಗಳೂರು ಗೊತ್ತಿಲ್ಲದವರಿಗೆ ಬೀದರ್ ಗೊತ್ತು! ಆ ದಿನದಿಂದ ಅವರಿಗೆ ನಾನು ಬೆದೆರ್ ಹುಡುಗಿ. ಬೀದರ್ ನನ್ನ ಊರಲ್ಲ, ಆದರೂ ತಿದ್ದೋಕೆ ಮನಸ್ಸು ಬರಲಿಲ್ಲ.

ಅಣ್ಣ ಬರೆದ ಅರಮನೆಗೂ ನಿಕಿತಿನ್‌ಗೂ ನಂಟಿದೆ. 1811ರಲ್ಲಿ ಚರಿತ್ರೆಕಾರ ಕರಮ್ಜಿನ್ ಆ ಅರಮನೆಯಲ್ಲಿ ಕೂತು ಒಂದನೇ ಅಲೆಕ್ಸಾಂಡರ್ ಚಕ್ರವರ್ತಿಗೆ ತಾನು ಬರೆಯುತ್ತಿದ್ದ ರಷ್ಯಾದ ಇತಿಹಾಸ ಓದಿ ಹೇಳಿದ. ನಿಕಿತಿನ್‌ನ ಬರಹವನ್ನು ಮಠವೊಂದರ ಹಳೇ ಓಲೆಗಳ ನಡುವೆ ಹುಡುಕಿ ತೆಗೆದು ಲೋಕಕ್ಕೆ ತಿಳಿಸಿದವನೂ ಇದೇ ಕರಮ್ಜಿನ್. ಅವನ ಕಣ್ಣಿಗೆ ಬೀಳದಿದ್ದರೆ ಇವತ್ತು ಆ ಪ್ರತಿಮೆ ಇರ್ತಿತ್ತೋ ಇಲ್ಲವೋ.

ಇನ್ನು ನೀವು ಬಿಟ್ಟ ಎರಡು ಜಾಗ. ಒಂದು, ತ್ಮಾಕಾ ಹೊಳೆಯಾಚೆ ಇರುವ ಬಿಳಿ ಟ್ರಿನಿಟಿ ಚರ್ಚ್, 1564ರದ್ದು. ತ್ವೇರ್‌ನಲ್ಲಿ ಉಳಿದಿರುವ ಕಟ್ಟಡಗಳಲ್ಲೇ ಹಳೆಯದು. ಸುತ್ತ ಮರದ ಮನೆಗಳು, ಕಿಟಕಿ ಚೌಕಟ್ಟಿಗೆಲ್ಲ ಜಾಲರಿಯಂಥ ಕೆತ್ತನೆ. ಭಾನುವಾರ ಗಂಟೆ ಹೊಡೆಯುವಾಗ ಹೋಗಿ. ಎರಡನೆಯದು, ಪ್ರತಿಮೆಯಿಂದ ಅದೇ ದಂಡೆಯಲ್ಲಿ ಮುಂದಕ್ಕೆ ನಡೆದರೆ ಸಿಗುವ ತ್ವೆರ್ತ್ಸಾ ನದಿಯ ಸಂಗಮ. ಅಲ್ಲಿ ಓತ್ರೋಚ್ ಅಂತ ದೊಡ್ಡ ಮಠ ಇತ್ತು. ಈಗ ಒಂದು ಚರ್ಚ್ ಮಾತ್ರ ಉಳಿದಿದೆ. ರಾಜ ಇವಾನನ ಕ್ರೌರ್ಯವನ್ನು ಎದುರಿಗೇ ಖಂಡಿಸಿದ ಧರ್ಮಗುರು ಫಿಲಿಪ್‌ನನ್ನು ಈ ಮಠದಲ್ಲೇ ಕೂಡಿಹಾಕಿ 1569ರಲ್ಲಿ ಕೊಂದರು. ಅಲ್ಲಿ ನಿಂತಾಗಲೆಲ್ಲ ನಂಗೆ ಮೈ ಜುಮ್ ಅನ್ನುತ್ತೆ.

ಹೋಗುವ ದಾರಿಯಲ್ಲಿ ಸಿಗುವ ಹೊಸ ಸೇತುವೆಯನ್ನೂ ಗಮನಿಸಿ. ಹೆಸರು ಹೊಸದು, ಕಬ್ಬಿಣ ಹಳೆಯದು. ಪೀಟರ್ಸ್‌ಬರ್ಗ್‌ನಲ್ಲಿ ನೆವಾ ನದಿಗೆ 1850ರಲ್ಲಿ ಹಾಕಿದ್ದ ಸೇತುವೆಯ ಕಮಾನುಗಳನ್ನೇ ತಂದು 1956ರಲ್ಲಿ ಇಲ್ಲಿ ಕೂರಿಸಿದ್ದು.

ಕರೇಜ್_ನೀರು

ಬೀದರ್‌ನವನು ನಾನು. ಹೈಸ್ಕೂಲ್ ಮೇಷ್ಟ್ರು. ತಂಗೀ, ನಿಮ್ಮ ಮನೆ ಅಜ್ಜಿಗೆ ಬೀದರ್‌ನಿಂದ ನಮಸ್ಕಾರ ಹೇಳಿ.

ಪ್ರತಿ ವರ್ಷ ಮಕ್ಕಳನ್ನು ಕೋಟೆಗೆ ಕರಕೊಂಡು ಹೋದಾಗ ನಾನು ನಿಕಿತಿನ್ ಬರೆದದ್ದನ್ನು ಹೇಳ್ತೀನಿ. ಸುಲ್ತಾನನ ಅರಮನೆಗೆ ಏಳು ಬಾಗಿಲು. ಒಂದೊಂದು ಬಾಗಿಲಲ್ಲೂ ನೂರು ಕಾವಲುಗಾರರು, ನೂರು ಬರೆಯುವವರು. ಒಳಗೆ ಹೋದವರ ಹೆಸರು ಒಬ್ಬ ಬರೀತಾನೆ, ಹೊರಗೆ ಬಂದವರದ್ದು ಇನ್ನೊಬ್ಬ. ಇದನ್ನು ಕೇಳಿದ ಕೂಡಲೇ ಮಕ್ಕಳು ಬಾಗಿಲು ಎಣಿಸೋಕೆ ಓಡ್ತಾರೆ.

ಅವನು ಇಲ್ಲಿದ್ದಾಗ ರಾಜ್ಯ ನಡೆಸುತ್ತಿದ್ದದ್ದು ಮಹಮೂದ್ ಗವಾನ್. ಅವನನ್ನು ನಿಕಿತಿನ್ ಮಲಿಕ್ ತುಜಾರ್ ಅಂತ ಬಿರುದಿನಿಂದ ಕರೆದಿದ್ದಾನೆ. ವರ್ತಕರ ಒಡೆಯ ಅಂತ ಅರ್ಥ. ಗವಾನ್ ಕಟ್ಟಿಸಿದ ಮದರಸದ ಕಾಲ 1472. ಅವನೂ ಪರ್ಷಿಯಾದ ಗಿಲಾನ್ ಕಡೆಯಿಂದ ವ್ಯಾಪಾರಕ್ಕೆ ಅಂತಲೇ ಬಂದವನು. ಮದರಸದ ಗೋಡೆಯಲ್ಲಿ ಇವತ್ತಿಗೂ ಅಲ್ಲಲ್ಲಿ ನೀಲಿ ಹೆಂಚು ಉಳಿದಿದೆ. ಬೆಳಗಿನ ಬಿಸಿಲು ಬಿದ್ದಾಗ ಹೊಳೆಯುತ್ತೆ. ಆ ನೀಲಿ ನಿಕಿತಿನ್ ಕಣ್ಣಿಗೂ ಬಿದ್ದಿರಬಹುದು ಅನ್ನೋದು ನನ್ನ ಆಸೆ.

ನನಗೆ ತುಂಬಾ ಹಿಡಿಸಿದ್ದು ಕುದುರೆಯ ಖರ್ಚಿನ ಲೆಕ್ಕ. ಒಂದು ವರ್ಷ ಮೇಯಿಸಿದ್ದಕ್ಕೆ 68 ಫುತೂನ್ (ಆಗಿನ ನಾಣ್ಯ) ಆಯಿತು ಅಂತ ಬರೀತಾನೆ. ಇಲ್ಲಿ ಕುದುರೆಗೆ ಕಡಲೆ ಹಾಕ್ತಾರೆ, ಸಕ್ಕರೆ ಬೆಣ್ಣೆ ಸೇರಿಸಿ ಖಿಚಡಿ ಬೇಯಿಸಿ ತಿನ್ನಿಸ್ತಾರೆ ಅಂತಲೂ ಬರೀತಾನೆ. ನಮ್ಮ ಮನೆಯಲ್ಲಿ ವಾರಕ್ಕೆರಡು ದಿನ ಖಿಚಡಿಯೇ. ಐನೂರು ವರ್ಷದ ಹಿಂದೆ ರಷ್ಯಾದವನೊಬ್ಬ ಆ ಹೆಸರನ್ನು ತನ್ನ ಅಕ್ಷರದಲ್ಲಿ ಬರೆದುಕೊಂಡಿದ್ದಾನೆ!

ಕಡತ_ಹುಳು

ಎಲ್ಲರ ಮಾತೂ ಸರಿ. ಆದರೆ ಒಂದು ವಿಷಯ ಚರ್ಚೆ ಆಗಬೇಕು. ಆ ಪ್ರತಿಮೆಯ ಮೇಲೆ, ಈ ಧೀರ ಪಯಣಿಗ ಸ್ನೇಹದ ಉದ್ದೇಶದಿಂದ ಭಾರತಕ್ಕೆ ಹೋಗಿದ್ದ ಅಂತ ಕೆತ್ತಿದ್ದಾರೆ. ಅವನು ಬಂದದ್ದು ವ್ಯಾಪಾರಕ್ಕೆ. ದಾರಿಯಲ್ಲಿ ಅಸ್ತ್ರಾಖಾನ್ ಹತ್ತಿರ ಸರಕೆಲ್ಲ ಲೂಟಿಯಾಗಿ, ಬರಿಗೈಯಲ್ಲಿ ಊರಿಗೆ ಮರಳಿದರೆ ಸಾಲಗಾರರು ಬಿಡೋದಿಲ್ಲ ಅನ್ನುವ ಸ್ಥಿತಿಯಲ್ಲಿ ಮುಂದೆ ಮುಂದೆ ಬಂದವನು. ಬಂದ ಮೇಲೂ, ‘ಇಲ್ಲಿ ನಮಗೆ ಬೇಕಾದ ಸರಕು ಬೇಕಾದಷ್ಟು ಸಿಗುತ್ತೆ ಅಂತ ನನಗೆ ಸುಳ್ಳು ಹೇಳಿದರು, ನಮ್ಮ ನಾಡಿಗೆ ಆಗುವಂಥದ್ದು ಏನೂ ಇಲ್ಲ, ಮೆಣಸು ಬಣ್ಣ ಅಗ್ಗ, ಆದರೆ ಸುಂಕ ಜಾಸ್ತಿ’ ಅಂತ ಬೇಸರದಲ್ಲಿ ಬರೆದ. ಪ್ರತಿಮೆ ನಿಂತದ್ದು 1955ರಲ್ಲಿ. ನೆಹರೂ ಸೋವಿಯತ್ ದೇಶಕ್ಕೆ ಹೋಗಿದ್ದೂ ಅದೇ ವರ್ಷ. ಹಾಗಾಗಿ ಈ ‘ಸ್ನೇಹ’ 1955ರದ್ದು, 1470ರದ್ದಲ್ಲ. ಅವನ ಕಷ್ಟವನ್ನು ನಾವು ಮರೆಯಬಾರದು.

ವೋಲ್ಗಾ_ಹುಡುಗಿ

ಸರ್, ಊರಲ್ಲಿ ಈ ಬಗ್ಗೆ ಒಂದು ಕಥೆಯೇ ಇದೆ. ನಿಕಿತಿನ್‌ಗೆ ನಿಮ್ಮಲ್ಲಿ ಸ್ಮಾರಕ ಇದೆಯಾ ಅಂತ ನೆಹರೂ ಕೇಳಿದರಂತೆ, ಸೋವಿಯತ್ ನಾಯಕ ಖ್ರುಶ್ಚೇವ್ ‘ಓ, ಇದೆ’ ಅಂದುಬಿಟ್ಟು ಆಮೇಲೆ ಅವಸರದಲ್ಲಿ ಮಾಡಿಸಿದರಂತೆ. ಇದು ಬಾಯಿಂದ ಬಾಯಿಗೆ ಬಂದ ಮಾತು, ದಾಖಲೆ ಅಂತ ತಗೋಬೇಡಿ.

ಅವನ ಕಷ್ಟದ ಬಗ್ಗೆ ನೀವು ಹೇಳಿದ್ದು ನಿಜ. ಅವನ ಬರಹದಲ್ಲಿ ನನಗೆ ತುಂಬಾ ತಟ್ಟಿದ್ದು ಅವನು ಭಾಷೆ ಬದಲಾಯಿಸುವ ಜಾಗಗಳು. ರಷ್ಯನ್‌ನಲ್ಲಿ ಬರೆಯುತ್ತಾ ಬರೆಯುತ್ತಾ ಇದ್ದಕ್ಕಿದ್ದಂತೆ ತುರ್ಕಿ, ಪಾರ್ಸಿ, ಅರಬ್ಬಿ ಬೆರೆಸಿದ ಮಾತಿಗೆ ಹೊರಳ್ತಾನೆ. ಮನಸ್ಸಿನ ಒಳಗಿನದ್ದು, ಯಾರಿಗೂ ಹೇಳಬಾರದ್ದು ಎಲ್ಲ ಆ ಭಾಷೆಯಲ್ಲಿ. ರಷ್ಯಾದಂಥ ನಾಡು ಬೇರೆ ಇಲ್ಲ, ಆದರೆ ಅಲ್ಲಿನ ದೊಡ್ಡವರಲ್ಲಿ ನ್ಯಾಯ ಇಲ್ಲ ಅಂತ ಬರೆದದ್ದೂ ತುರ್ಕಿಯಲ್ಲೇ. ಪುಸ್ತಕಗಳು ಲೂಟಿಯಲ್ಲಿ ಹೋದದ್ದರಿಂದ ಅವನಿಗೆ ಈಸ್ಟರ್ ಯಾವತ್ತು ಅಂತ ಲೆಕ್ಕ ಸಿಗ್ತಿರಲಿಲ್ಲ. ಅಂದಾಜಿನ ಮೇಲೆ ಉಪವಾಸ ಮಾಡ್ತಿದ್ದ. ನಾನು ಇಲ್ಲಿಗೆ ಬಂದ ಮೊದಲ ವರ್ಷ ಯುಗಾದಿ ದಿನ ಕ್ಲಾಸಿನಲ್ಲಿದ್ದೆ. ಸಂಜೆ ಅಮ್ಮ ಫೋನ್ ಮಾಡಿದಾಗಲೇ ನೆನಪಾದದ್ದು. ಆ ರಾತ್ರಿ ಈ ಭಾಗ ಓದಿ ಅತ್ತಿದ್ದೀನಿ.

ಕರೇಜ್_ನೀರು

ಕಡತ ಹುಳು ಅವರೇ, ‘ಸ್ನೇಹದ ಉದ್ದೇಶದಿಂದ’ ಅನ್ನೋದು ತಪ್ಪಿರಬಹುದು. ಆದರೆ ಸ್ನೇಹ ಆಗಲೇ ಇಲ್ಲ ಅನ್ನಬೇಡಿ. ಬೀದರ್‌ನಲ್ಲಿ ಹಿಂದೂಗಳ ಪರಿಚಯ ಆದ ಮೇಲೆ, ನಾನು ಮುಸಲ್ಮಾನ ಅಲ್ಲ, ಕ್ರಿಸ್ತನವನು, ನನ್ನ ಹೆಸರು ಅಫನಾಸಿ ಅಂತ ಅವರಿಗೆ ನಿಜ ಹೇಳಿಬಿಟ್ಟ. ಅಲ್ಲಿಂದ ಮುಂದೆ ಅವರು ಊಟ, ವ್ಯಾಪಾರ, ಪೂಜೆ, ಏನನ್ನೂ ಮುಚ್ಚಿಡಲಿಲ್ಲ. ಮನೆಯ ಹೆಂಗಸರನ್ನೂ ಮರೆಮಾಡಲಿಲ್ಲ ಅಂತ ಬರೀತಾನೆ. ಅವರ ಜೊತೆ ಪರ್ವತಕ್ಕೂ ಹೋದ, ಅದು ಶ್ರೀಶೈಲ, ಶಿವರಾತ್ರಿ ಜಾತ್ರೆಗೆ. ನಂಬಿಕೆ ಇಲ್ಲದೆ ಯಾರಾದರೂ ಯಾತ್ರೆಗೆ ಕರಕೊಂಡು ಹೋಗ್ತಾರಾ?

ಕಡತ_ಹುಳು

ಒಪ್ಪಿದೆ ಸರ್. ಆ ಭಾಗ ನನಗೆ ಮರೆತಿತ್ತು. ನನ್ನ ತಕರಾರು ಉದ್ದೇಶದ ಬಗ್ಗೆ ಮಾತ್ರ ಅಂತ ಇಟ್ಟುಕೊಳ್ತೀನಿ. ಬಡವರ ಬಗ್ಗೆ ಅವನು ಬರೆದದ್ದನ್ನೂ ಹೇಳಬೇಕು. ಹಳ್ಳಿ ಜನ ತೀರಾ ಬಡವರು, ಸರದಾರರು ಬೆಳ್ಳಿ ಪಲ್ಲಕ್ಕಿಯಲ್ಲಿ ಓಡಾಡ್ತಾರೆ, ಮುಂದೆ ಚಿನ್ನದ ಸಾಜು ಹಾಕಿದ ಕುದುರೆಗಳು ಅಂತ. ಆಸ್ಥಾನದ ಕವಿಗಳು ಬರೆಯದ ಮಾತು ಇದು.

ಆಳಂದದ_ಮಗಳು

ನಮ್ಮ ಊರನ್ನು ಬಿಟ್ಟೇಬಿಟ್ಟಿರಲ್ಲ! ನಿಕಿತಿನ್ ಆಳಂದದ ಜಾತ್ರೆ ಬಗ್ಗೆ ಬರೆದಿದ್ದಾನೆ. ಶೇಖ್ ಅಲಾವುದ್ದೀನ್ ನೆನಪಿಗೆ ವರ್ಷಕ್ಕೊಮ್ಮೆ ಸೇರುವ ಸಂತೆ, ಹತ್ತು ದಿನ ವ್ಯಾಪಾರ, ಇಪ್ಪತ್ತು ಸಾವಿರ ಕುದುರೆ ಮಾರಾಟಕ್ಕೆ ಬರ್ತಾವೆ, ಇಡೀ ದೇಶದಲ್ಲೇ ಇಂಥ ಜಾತ್ರೆ ಇಲ್ಲ ಅಂತ. ನಾವು ಲಾಡ್ಲೆ ಮಶಾಯಖ್ ಅನ್ನುವ ದರ್ಗಾ ಅವರದ್ದೇ. ಚಿಕ್ಕವಳಿದ್ದಾಗ ಉರುಸಿಗೆ ಅಜ್ಜನ ಹೆಗಲ ಮೇಲೆ ಕೂತು ಹೋಗ್ತಿದ್ದೆ. ಬೆಂಡು ಬತ್ತಾಸು, ಬಳೆ ಅಂಗಡಿ ನೆನಪಿದೆ. ಅಲ್ಲಿ ಕುದುರೆ ಸಂತೆ ನಡೀತಿತ್ತು ಅಂತ ನಮಗೆ ಯಾರೂ ಹೇಳಿರಲಿಲ್ಲ. ಅದನ್ನು ನನಗೆ ತಿಳಿಸಿದವನು ತ್ವೇರ್‌ನ ಈ ವ್ಯಾಪಾರಿ.

ಹಳೇ_ಪಯಣಿಗ

1986ರಲ್ಲಿ ಕಾರ್ಖಾನೆ ಕೆಲಸದ ಮೇಲೆ ಮಾಸ್ಕೋದಲ್ಲಿದ್ದಾಗ ಈ ಊರಿಗೆ ಒಂದು ದಿನ ಕರಕೊಂಡು ಹೋಗಿದ್ದರು. ಆಗ ಹೆಸರು ತ್ವೇರ್ ಅಲ್ಲ, ಕಲೀನಿನ್. 1931ರಿಂದ 1990ರವರೆಗೆ ಅದೇ ಹೆಸರು. ಪ್ರತಿಮೆ ಎದುರು ನಿಲ್ಲಿಸಿ ನಮ್ಮ ಫೋಟೋ ತೆಗೆದರು. ನಾವೆಲ್ಲ ಬೆಂಗಳೂರು ಮೈಸೂರಿನವರು, ಬೀದರ್ ನೋಡಿದವರು ಒಬ್ಬರೂ ಇರಲಿಲ್ಲ. ಅವರು ಬೀದರ್ ಹೇಗಿದೆ ಅಂತ ಕೇಳಿದಾಗ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಊರಿಗೆ ಬಂದ ಮೊದಲ ರಜೆಯಲ್ಲೇ ಬೀದರ್‌ಗೆ ಹೋಗಿಬಂದೆ.

ಅಲ್ಲಿ ಟ್ರಾಮ್‌ನಲ್ಲಿ ಓಡಾಡಿದ ನೆನಪು. ಈಗಲೂ ಇದೆಯಾ ಮಗಳೇ?

ವೋಲ್ಗಾ_ಹುಡುಗಿ

ಇಲ್ಲ ಅಂಕಲ್, 2018ರಲ್ಲಿ ನಿಲ್ಲಿಸಿಬಿಟ್ಟರು. ನಾನು ಬರೋ ಹೊತ್ತಿಗೇ ಇರಲಿಲ್ಲ. ಮನೆ ಅಜ್ಜಿ ಈಗಲೂ ಬೇಜಾರು ಮಾಡ್ಕೊಳ್ತಾರೆ. ಒಂದು ಸಂತೋಷದ ಸುದ್ದಿ ಹೇಳ್ತೀನಿ. 1935ರಲ್ಲಿ ಸಿಡಿಮದ್ದು ಇಟ್ಟು ಕೆಡವಿದ್ದ ದೊಡ್ಡ ಚರ್ಚನ್ನು ಅರಮನೆ ಪಕ್ಕದಲ್ಲಿ ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದಾರೆ. ನೀವು ಬಂದಾಗ ಆ ಚರ್ಚ್ ಇರಲಿಲ್ಲ.

ಮಂಗಳೂರು_ಮಾಮಿ

ನಮ್ಮ ಜೊತೆ 72 ವರ್ಷದ ಅತ್ತೆ ಇರುತ್ತಾರೆ. ಇಷ್ಟೆಲ್ಲ ನಡೆಯಲು ಆಗುತ್ತದಾ? ಒಂದೇ ದಿನ ಸಾಕಾ?

ವೋಲ್ಗಾ_ಹುಡುಗಿ

ಸಾಕು ಆಂಟಿ. ಸ್ಟೇಷನ್‌ನಿಂದ ಟ್ಯಾಕ್ಸಿಯಲ್ಲಿ ನೇರ ಅರಮನೆಗೆ ಬನ್ನಿ. ಅಲ್ಲಿಂದ ಊರ ತೋಟ, ಸೇತುವೆ, ಪ್ರತಿಮೆ ಎಲ್ಲ ನಿಧಾನಕ್ಕೆ ನಡೆಯುವಷ್ಟೇ ದೂರ. ತೋಟದಲ್ಲಿ ಕೂರೋಕೆ ಬೆಂಚುಗಳು ಬೇಕಾದಷ್ಟಿವೆ. ಬಿಳಿ ಚರ್ಚ್‌ಗೆ ಮತ್ತೆ ಟ್ಯಾಕ್ಸಿ ತಗೊಳ್ಳಿ. ಸೋಮವಾರ ಬರಬೇಡಿ, ಮ್ಯೂಸಿಯಂ ಮುಚ್ಚಿರುತ್ತೆ. ಮೇ ತಿಂಗಳಲ್ಲಿ ರಾತ್ರಿ ಎಂಟೂವರೆಗೂ ಬೆಳಕಿರುತ್ತೆ, ಅವಸರ ಬೇಡ. ಅತ್ತೆಗೆ ಒಂದು ಸ್ವೆಟರ್ ಮರೆಯಬೇಡಿ, ನದಿ ಗಾಳಿ ತಣ್ಣಗಿರುತ್ತೆ. ಬಂದಾಗ ಇಲ್ಲೇ ತಿಳಿಸಿ, ಕ್ಲಾಸ್ ಇಲ್ಲದಿದ್ದರೆ ಜೊತೆಗೆ ನಾನೇ ಬರ್ತೀನಿ.

ಕರೇಜ್_ನೀರು

ಮಹಾರಾಷ್ಟ್ರದ ರೇವದಂಡಾದಲ್ಲಿ, ಅವನು ಹಡಗಿನಿಂದ ಇಳಿದ ಚೌಲ್ ಪಕ್ಕದಲ್ಲೇ, 2002ರಲ್ಲಿ ಅವನಿಗೊಂದು ಸ್ಮಾರಕ ನಿಲ್ಲಿಸಿದ್ದಾರೆ. ಅವನು ಹೆಚ್ಚು ಕಾಲ ಇದ್ದದ್ದು, ಹೆಚ್ಚು ಬರೆದದ್ದು ನಮ್ಮ ಕಡೆಯ ಬಗ್ಗೆ. ಕೋಟೆ ಬಾಗಿಲ ಹತ್ತಿರ ಆ ಏಳು ಬಾಗಿಲಿನ ಮಾತನ್ನು ಕನ್ನಡದಲ್ಲಿ, ರಷ್ಯನ್‌ನಲ್ಲಿ ಕೆತ್ತಿಸಿ ನಿಲ್ಲಿಸಬೇಕು. ನಮ್ಮ ಶಾಲೆ ಮಕ್ಕಳ ಕೈಯಲ್ಲಿ ಅರ್ಜಿ ಬರೆಸ್ತಿದ್ದೀನಿ. ತಂಗೀ, ರಷ್ಯನ್ ಪಾಠ ನೀವು ಕಳಿಸಿಕೊಡಿ.

ವೋಲ್ಗಾ_ಹುಡುಗಿ

ಮೇಷ್ಟ್ರೇ, ಕಳಿಸಿದ್ದೀನಿ. ಅಜ್ಜಿ ಕೈಯಲ್ಲೇ ಬರೆಸಿದೆ, ಅಕ್ಷರ ಚೆನ್ನಾಗಿದೆ.

ಇವತ್ತು ಸಂಜೆ ಪ್ರತಿಮೆ ಹತ್ತಿರ ಹೋಗಿದ್ವಿ, ನಾವು ಐದು ಜನ. ಮೈನಸ್ 14. ವೋಲ್ಗಾ ಹೆಪ್ಪುಗಟ್ಟಿದೆ. ಮಂಜಿಗೆ ತೂತು ಕೊರೆದು ಅದರ ಪಕ್ಕ ಪುಟ್ಟ ಸ್ಟೂಲ್ ಹಾಕಿಕೊಂಡು ಮೀನು ಹಿಡೀತಿದ್ದರು. ಗಾಳ ಹಿಡಿದ ಅಜ್ಜ ಅಂದರಲ್ಲ ಅಣ್ಣ, ಅವರೂ ಇದ್ದರೇನೋ. ದೋಣಿಯ ಕುದುರೆ ತಲೆ ಮೇಲೆ ಹಿಮ ಕೂತಿತ್ತು, ಕಿವಿ ಎರಡು ಮಾತ್ರ ಕಾಣ್ತಿದ್ವು. ನಾನು ಬೀದರ್ ಭಾಗವನ್ನು ಕನ್ನಡ ಮಾಡಿಕೊಂಡು ಹೋಗಿದ್ದೆ. ಅಲ್ಲೇ ನಿಂತು ಗಟ್ಟಿಯಾಗಿ ಓದಿದೆ. ಖಿಚಡಿ ಬಂದ ಕಡೆ ನಮ್ಮ ರಾಯಚೂರಿನ ಹುಡುಗ ‘ಇನ್ನೊಮ್ಮೆ ಓದು’ ಅಂದ. ಇನ್ನೊಮ್ಮೆ ಓದಿದೆ. ಆಮೇಲೆ ಬೆರಳು ಸೆಟೆದುಕೊಂಡು ಹಾಳೆ ತಿರುವೋಕೆ ಆಗಲಿಲ್ಲ, ರೂಮಿಗೆ ಬಂದು ಖಿಚಡಿ ಮಾಡಿಕೊಂಡ್ವಿ. ಫೋಟೋ ನಾಳೆ ಹಾಕ್ತೀನಿ.